ಎರಡನೆಯ ಪೆಟ್ಟು

ಕರಾಟೆ ಕ್ಲಾಸಿನಲ್ಲಿ ಜಗಳ ಹುಟ್ಟುವುದು ಮೊದಲನೆಯ ಪೆಟ್ಟಿನಿಂದಲ್ಲ. ಮೊದಲನೆಯದು ಆಟದ್ದೇ. ಎದುರಿನವನ ಕೈ ತುಸು ಕೆಳಗಿಳಿದಿತ್ತು, ಇವನ ಪಂಚ್ ಒಳಗೆ ಹೋಯಿತು, ಅಷ್ಟೆ. ಎರಡನೆಯ ಪೆಟ್ಟು ಹಾಗಲ್ಲ. ಅದರ ಹಿಂದೆ ಲೆಕ್ಕವಿರುತ್ತದೆ, ಉರಿಯುವ ಮೂಗಿರುತ್ತದೆ, ಸುತ್ತ ನಿಂತು ಕಿಸಕ್ಕನೆ ನಕ್ಕವರ ಮುಖಗಳಿರುತ್ತವೆ.

ಗದಗ ಸೀಮೆಯ ಅಸುಂಡಿಯಂಥ ಊರಿಗೆ ಕರಾಟೆ ಈಗ ಪರದೇಶದ ಸೋಜಿಗವೇನಲ್ಲ. ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಆರರಿಂದ ಹನ್ನೆರಡನೆಯ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಇದನ್ನು ಕಲಿಸುತ್ತಾರೆ. ಹಾಸ್ಟೆಲಿನ ಹುಡುಗಿಯರಿಗೆ ಓಬವ್ವನ ಹೆಸರಿನಲ್ಲಿ ಇನ್ನೊಂದು ತರಬೇತಿ ಇದೆ. ಗದಗ-ಬೆಟಗೇರಿಯ ಕಡೆ ಸಂಜೆಯಾದರೆ ಬಿಳಿ ಡ್ರೆಸ್ಸಿನ ಹುಡುಗ ಹುಡುಗಿಯರು ಅಪ್ಪನ ಬೈಕಿನ ಹಿಂದೆ ಕೂತು ಕ್ಲಾಸಿಗೆ ಹೊರಡುತ್ತಾರೆ. ಅಜ್ಜ ಗರಡಿಮನೆಯ ಮಣ್ಣು ಮೈಗೆ ಹಚ್ಚಿಕೊಂಡವನು. ಮೊಮ್ಮಗ ಸೊಂಟಕ್ಕೆ ಬಣ್ಣದ ಬೆಲ್ಟ್ ಬಿಗಿದವನು. ಅಜ್ಜನಿಗೆ ಬೆಲ್ಟಿನ ಬಣ್ಣಗಳು ತಿಳಿಯದಿದ್ದರೂ ಇಬ್ಬರು ಎದುರಾಬದುರಾ ನಿಂತಾಗ ಏನಾಗುತ್ತದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ.

ಏನಾಗುತ್ತದೆ? ಎದುರಾಳಿಯಿಲ್ಲದೆ ಒಬ್ಬೊಬ್ಬರೇ ಕಟಾ ಮಾಡುವಾಗ ಎಲ್ಲರೂ ಸಂಭಾವಿತರೇ. ಗಾಳಿಗೆ ಗುದ್ದಿದರೆ ಗಾಳಿ ತಿರುಗಿ ಗುದ್ದುವುದಿಲ್ಲ. ಕೊನೆಯ ಅರ್ಧ ತಾಸಿಗೆ ಮಾಸ್ಟರ್ "ಫೈಟ್" ಅನ್ನುತ್ತಲೇ ಅಂಗಳದ ಹವೆಯೇ ಬದಲಾಗುತ್ತದೆ. ಕಂದು ಬೆಲ್ಟಿನ ಹದಿನೇಳರ ಹುಡುಗನೊಬ್ಬ, ಹಳದಿ ಬೆಲ್ಟಿನ ಹದಿನೈದರವನೊಬ್ಬ ಅಂದುಕೊಳ್ಳಿ. ಇಂಥ ಜೋಡಿ ಯಾವ ಕ್ಲಾಸಿನಲ್ಲಾದರೂ ಸಿಗುತ್ತದೆ. ಇಬ್ಬರೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಾರೆ. ಚಿಕ್ಕವನು ಹೆದರಿ ಹೆದರಿ ಕಾಲೆತ್ತುತ್ತಾನೆ, ದೊಡ್ಡವನು ದೊಡ್ಡಸ್ತಿಕೆಯಿಂದ ಅದನ್ನು ಪಕ್ಕಕ್ಕೆ ಸರಿಸುತ್ತಾನೆ. ಎಲ್ಲವೂ ಸರಿಯಾಗಿಯೇ ನಡೆದಿರುವಾಗ ಚಿಕ್ಕವನ ಒಂದು ಪಂಚ್ ಹೇಗೋ ದೊಡ್ಡವನ ಮೂಗಿಗೆ ತಗಲುತ್ತದೆ. ನೋವೇನೂ ಹೆಚ್ಚಿಲ್ಲ, ಕಣ್ಣಲ್ಲಿ ಒಂದಿಷ್ಟು ನೀರು ಬರುತ್ತದೆ. ಗೋಡೆಗೆ ಒರಗಿ ಕೂತ ಯಾರೋ ಒಬ್ಬ "ಆಹಾ" ಅಂದುಬಿಡುತ್ತಾನೆ.

ಇಲ್ಲಿಂದ ಮುಂದಿನದನ್ನು ಕಣ್ಣಿದ್ದವರು ಓದಬಹುದು. ದೊಡ್ಡವನು ಬೆಲ್ಟ್ ಸರಿಮಾಡಿಕೊಳ್ಳುತ್ತಾನೆ. ಬೆಲ್ಟ್ ಸಡಿಲವೇನೂ ಆಗಿರುವುದಿಲ್ಲ. ನಕ್ಕಂತೆ ಮಾಡುತ್ತಾನೆ, ನಗೆ ತುಟಿಯಿಂದ ಆಚೆ ಹೋಗುವುದಿಲ್ಲ. ಇಬ್ಬರ ನಡುವಿನ ಅಂತರ ಒಂದು ಗೇಣು ಕಡಿಮೆಯಾಗುತ್ತದೆ. ಮೊದಲು ಎದುರಿನವನ ಕೈಯನ್ನು ಸರಿಸುತ್ತಿದ್ದ ಬ್ಲಾಕ್ ಈಗ ಆ ಕೈಯ ಎಲುಬಿಗೇ ಬಡಿಯತೊಡಗುತ್ತದೆ. ನಿಯಮದ ಪ್ರಕಾರ ಅದು ತಡೆಯುವುದೇ, ಆದರೆ ಮೊಣಕೈಯಿಂದ ಮುಂಗೈತನಕ ಕಂದುಗಟ್ಟುತ್ತದೆ. ಚಿಕ್ಕವನಿಗೆ ಇದು ಗೊತ್ತಾಗುತ್ತದೆ. ಅವನೂ ಸುಮ್ಮನಿರುವ ಪೈಕಿ ಅಲ್ಲ. ಜೀವನದಲ್ಲಿ ಮೊದಲ ಸಲ ಕಂದು ಬೆಲ್ಟಿನವನಿಗೆ ಹೊಡೆದಿದ್ದಾನೆ, ಆ ಪೊಗರು ಇನ್ನೂ ಮೈಯಲ್ಲಿದೆ. ಮುಂದಿನ ಒಂದು ನಿಮಿಷದಲ್ಲಿ ಕಲಿತ ವಿದ್ಯೆಯೆಲ್ಲ ಕಳಚಿಬೀಳುತ್ತದೆ. ನಿಲುವು ಹೋಯಿತು, ಉಸಿರು ಹೋಯಿತು, ಕೊನೆಗೆ ಇಬ್ಬರೂ ಬಸ್‌ಸ್ಟ್ಯಾಂಡಿನ ಹೊಡೆದಾಟದವರಂತೆ ಕಾಲರ್ ಹಿಡಿದು ನಿಂತಿರುತ್ತಾರೆ.

ಮಾಸ್ಟರ್ ಬಿಡಿಸಿ ಕೇಳಿದರೆ ಎರಡೂ ಕಡೆಯಿಂದ ಒಂದೇ ಉತ್ತರ. "ಅವ ಎಷ್ಟು ಹೊಡದಾನೋ ಅಷ್ಟ ಹೊಡದೇನ್ರಿ ಸರ್." "ಸುಳ್ರೀ ಸರ್, ನಾ ಬರೇ ಮುಟ್ಟಿದ್ದೆ, ಅವನ ಜೋರಾಗಿ ಕೊಟ್ಟ."

ಇಬ್ಬರಲ್ಲಿ ಒಬ್ಬ ಸುಳ್ಳ ಎಂದು ನಾವು ತೀರ್ಮಾನಿಸುತ್ತೇವೆ. ಹಾಗೇನೂ ಇರಬೇಕಾಗಿಲ್ಲ. 2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು, ಸುಖ್ವಿಂದರ್ ಶೇರ್‌ಗಿಲ್, ಡೇನಿಯಲ್ ವೋಲ್ಪರ್ಟ್ ಮತ್ತು ಜೊತೆಗಾರರು, ಒಂದು ಸರಳ ಪ್ರಯೋಗ ಮಾಡಿದ್ದರು. ಇಬ್ಬರನ್ನು ಕೂರಿಸುವುದು. ಒಬ್ಬ ಇನ್ನೊಬ್ಬನ ಬೆರಳನ್ನು ಸಣ್ಣ ಸಲಕರಣೆಯೊಂದರ ಮೂಲಕ ಒತ್ತುವುದು. ಒತ್ತಿಸಿಕೊಂಡವನು ತನಗೆ ಎಷ್ಟು ಬಲ ಬಿತ್ತೋ ಅಷ್ಟೇ ಬಲದಲ್ಲಿ ತಿರುಗಿ ಒತ್ತುವುದು. ಇಬ್ಬರಿಗೂ ಇದೇ ಸೂಚನೆ, ಆದರೆ ಎದುರಿನವನಿಗೆ ಏನು ಹೇಳಿದ್ದಾರೆಂದು ಇಬ್ಬರಿಗೂ ತಿಳಿಸಿರಲಿಲ್ಲ. ಅಲ್ಲಿ ಸೋಲು ಗೆಲುವು ಇರಲಿಲ್ಲ, ನೋಡಿ ನಗುವವರಿರಲಿಲ್ಲ, ಬೆಲ್ಟೂ ಇರಲಿಲ್ಲ. ಆದರೂ ಪ್ರತಿ ಸರದಿಗೆ ಬಲ ಸರಾಸರಿ ಶೇ 38ರಷ್ಟು ಏರುತ್ತ ಹೋಯಿತು. ಆ ಲೆಕ್ಕದಲ್ಲಿ ಆರು ಸರದಿ ಮುಗಿಯುವಷ್ಟರಲ್ಲಿ ಮೊದಲಿನ ಒತ್ತು ಸುಮಾರು ಏಳು ಪಟ್ಟಾಗುತ್ತದೆ. ಕಾರಣ ಮೆದುಳಿನ ಲೆಕ್ಕಾಚಾರದಲ್ಲಿದೆ. ನಾವೇ ಮಾಡುವ ಕ್ರಿಯೆಯ ಪರಿಣಾಮವನ್ನು ಮೆದುಳು ಮೊದಲೇ ಊಹಿಸಿ, ಅದರ ಅನುಭವವನ್ನು ತಗ್ಗಿಸಿಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದಕ್ಕೇ. ನಾನು ಕೊಟ್ಟದ್ದು ನನಗೆ ಹಗುರ, ನೀನು ಕೊಟ್ಟದ್ದು ಭಾರ.

ಈ ಪ್ರಯೋಗವನ್ನು ಓದಿದ ಮೇಲೆ "ಅಷ್ಟ ಹೊಡದೇನ್ರಿ" ಅನ್ನುವ ಹುಡುಗನ ಮೇಲೆ ನನಗೆ ಕನಿಕರ ಹುಟ್ಟಿದೆ. ಅವನ ಮಟ್ಟಿಗೆ ಅದು ಸತ್ಯ. ಸಿಟ್ಟಿಲ್ಲದೆಯೇ ಬಲ ಹೀಗೆ ಏರುತ್ತದಾದರೆ, ಅದಕ್ಕೆ ಬೆಲ್ಟಿನ ಅಭಿಮಾನ, ಹತ್ತು ಜನರ ನಗು ಸೇರಿದರೆ ಏನಾದೀತು ಎಂದು ಹೇಳಲು ಲಂಡನ್ನಿನ ತನಕ ಹೋಗಬೇಕಿಲ್ಲ.

ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕೋಳಿವಾಡದ ನಾರಣಪ್ಪ ಭಾರತವನ್ನು ಕನ್ನಡಕ್ಕೆ ಹಾಡಿದನೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಇದಕ್ಕೇ ಆ ಕಾವ್ಯಕ್ಕೆ ಗದುಗಿನ ಭಾರತವೆಂಬ ಹೆಸರು. ಭಾರತದ ಕತೆಯ ಆದಿಪರ್ವದಲ್ಲಿ ಒಂದು ಪ್ರಸಂಗವಿದೆ. ಕೈಮೀರಿದ ಅಭ್ಯಾಸ ಪಂದ್ಯಗಳಲ್ಲೆಲ್ಲ ಅದೇ ಹಿರಿಯಣ್ಣ. ದ್ರೋಣನ ಶಿಷ್ಯರ ವಿದ್ಯೆ ಮುಗಿದಿದೆ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಬೆಲ್ಟ್ ಪರೀಕ್ಷೆಯ ದಿನ. ರಂಗ ಕಟ್ಟಿದ್ದಾರೆ, ಊರೆಲ್ಲ ನೆರೆದಿದೆ. ಕಣ್ಣಿಲ್ಲದ ಧೃತರಾಷ್ಟ್ರನಿಗೆ ವಿದುರ, ಕಣ್ಣು ಕಟ್ಟಿಕೊಂಡ ಗಾಂಧಾರಿಗೆ ಕುಂತಿ ನಡೆಯುವುದನ್ನೆಲ್ಲ ವಿವರಿಸುತ್ತಿದ್ದಾರೆ. ಭೀಮ ಮತ್ತು ದುರ್ಯೋಧನ ಗದೆ ಹಿಡಿದು ಬಂದರು. ಬರೀ ಪ್ರದರ್ಶನ, ಯಾರೂ ಯಾರನ್ನೂ ಸೋಲಿಸಬೇಕಾಗಿರಲಿಲ್ಲ.

ಆದರೆ ನೋಡುವವರು ಎರಡು ಪಾಲಾದರು. ಒಂದು ಕಡೆ ಭೀಮನ ಜಯಕಾರ, ಇನ್ನೊಂದು ಕಡೆ ಕುರುರಾಜನದು. ಕೂಗು ಏರಿದಂತೆ ಗದೆಯೂ ಏರಿತು. ವ್ಯಾಸರು ಇಲ್ಲಿ ಗಮನಿಸುವುದು ವಿಶೇಷವಾಗಿದೆ. ದ್ರೋಣನಿಗೆ ಮೊದಲು ಕಂಡದ್ದು ಶಿಷ್ಯರ ಮುಖವಲ್ಲ, ಜನರ ಅಲ್ಲೋಲಕಲ್ಲೋಲ. ಇವರಿಬ್ಬರ ನಿಮಿತ್ತ ರಂಗವೇ ಕೆಟ್ಟೀತೆಂದು ಹೆದರಿ ಮಗನನ್ನು ಕರೆದ, ಅಡ್ಡಹೋಗಿ ನಿಲ್ಲಿಸು ಎಂದ. ಎತ್ತಿದ ಗದೆಗಳ ನಡುವೆ ಅಶ್ವತ್ಥಾಮ ಹೋಗಿ ನಿಂತ. ಕರಾಟೆಯಲ್ಲಿ ಇದನ್ನೇ "ಯಾಮೆ" ಅನ್ನುತ್ತಾರೆ, ನಿಲ್ಲಿಸಿ ಎಂದು. ಅಂದು ಅದು ಹೊತ್ತಿಗೆ ಸರಿಯಾಗಿ ಬಂತು, ಯಾರಿಗೂ ಪೆಟ್ಟಾಗಲಿಲ್ಲ.

ಮುಂದೆ ದ್ರೋಣ ಮಾಡಿದ್ದು ನನಗೆ ಅಷ್ಟು ಸರಿಕಾಣುವುದಿಲ್ಲ. ಇಬ್ಬರೂ ಇನ್ನೂ ಬುಸುಗುಡುತ್ತಿರುವಾಗಲೇ ವಾದ್ಯ ನಿಲ್ಲಿಸಿ, ಮಗನಿಗಿಂತಲೂ ತನಗೆ ಪ್ರಿಯನಾದವನನ್ನು ನೋಡಿರೆಂದು ಅರ್ಜುನನನ್ನು ರಂಗಕ್ಕೆ ತಂದ. ಗುರುವಿನ ಬಾಯಿಂದ, ತುಂಬಿದ ಸಭೆಯಲ್ಲಿ, ಒಬ್ಬ ಶಿಷ್ಯನಿಗೆ ಅಂಥ ಮಾತು! ಅದರ ಫಲ ಅದೇ ಸಂಜೆ ಬಂತು. ಕರ್ಣ ಬಂದ, ಅರ್ಜುನ ಮಾಡಿದ್ದನ್ನೆಲ್ಲ ತಾನೂ ಮಾಡುವೆನೆಂದ. ಕೃಪ ಅವನ ಕುಲ ಕೇಳಿದ. ಮೊದಲೇ ಉರಿಯುತ್ತಿದ್ದ ದುರ್ಯೋಧನ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ. ಗದೆ ಕೆಳಗಿಳಿದಿದ್ದರೂ ನಾಲಿಗೆ ಉಳಿದಿದ್ದ ಭೀಮ, ಸೂತನ ಮಗನಿಗೆ ಚಾವಟಿಯೇ ಸರಿ ಎಂದು ಹಂಗಿಸಿದ. ನಿಲ್ಲಿಸಿದ ಪಂದ್ಯ ನಿಂತಿರಲಿಲ್ಲ, ಜಾಗ ಬದಲಿಸಿತ್ತು.

ಅದು ಮುಗಿದದ್ದು ಕುರುಕ್ಷೇತ್ರದಲ್ಲಿ. ಅದೇ ಇಬ್ಬರು, ಅದೇ ಆಯುಧ. ಗದೆಯಲ್ಲಿ ಇಬ್ಬರಿಗೂ ಗುರುವಾದ ಬಲರಾಮ ಅಂಚಿನಲ್ಲಿ ಕೂತಿದ್ದಾನೆ. ನಡುವಿನ ಕಾಲದ ಬಗ್ಗೆ ಕೃಷ್ಣ ಹೇಳುವ ಒಂದು ವಿವರ ಮೈ ಜುಮ್ಮೆನಿಸುತ್ತದೆ. ದುರ್ಯೋಧನ ಹದಿಮೂರು ವರ್ಷ ಭೀಮನ ಕಬ್ಬಿಣದ ಬೊಂಬೆಯ ಮೇಲೆ ಗದೆ ಅಭ್ಯಾಸ ಮಾಡಿದ್ದ. ಇಂದಿನ ಹುಡುಗರು ಪಂಚಿಂಗ್ ಬ್ಯಾಗಿಗೆ ಮನಸ್ಸಿನಲ್ಲೇ ಯಾರದೋ ಮುಖ ಅಂಟಿಸಿಕೊಂಡು ಗುದ್ದುವುದುಂಟಲ್ಲ, ಅದೇ. ಅಭ್ಯಾಸದಿಂದ ಅವನ ವಿದ್ಯೆ ಭೀಮನದಕ್ಕಿಂತ ಮೇಲಾಯಿತು ಎಂದು ಕೃಷ್ಣನೇ ಒಪ್ಪುತ್ತಾನೆ. ಹಾಗಾಗಿಯೇ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿಯಿತು, ತೊಡೆ ಮುರಿಯಿತು. ಬಲರಾಮ ಸಿಟ್ಟಿನಿಂದ ನೇಗಿಲೆತ್ತಿ ಭೀಮನ ಮೇಲೆ ನುಗ್ಗಿದ. ಆಗ ಕೃಷ್ಣ ಅವನನ್ನೇ ತಬ್ಬಿ ಹಿಡಿಯಬೇಕಾಯಿತು. ಅಡ್ಡ ನಿಲ್ಲಬೇಕಾದ ಗುರುವನ್ನೇ ಯಾರಾದರೂ ಅಡ್ಡ ನಿಂತು ತಡೆಯಬೇಕಾದ ಸ್ಥಿತಿ.

ನಮ್ಮ ರನ್ನ ಇಡೀ ಗದಾಯುದ್ಧ ಬರೆದದ್ದು ಈ ಒಂದು ಪಂದ್ಯಕ್ಕಾಗಿ. ಮುಧೋಳದ ಆ ಕವಿಗೆ ಅಜಿತಪುರಾಣ ಬರೆಸಿದ ಅತ್ತಿಮಬ್ಬೆಯ ಬಸದಿ ಇದೇ ಗದಗ ತಾಲ್ಲೂಕಿನ ಲಕ್ಕುಂಡಿಯಲ್ಲಿದೆ. ಅವನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ಸುಮ್ಮನಿದ್ದಿದ್ದರೆ ಆ ದಿನವಾದರೂ ಕಳೆಯುತ್ತಿತ್ತು. ಹೊರಗೆ ಎಳೆದದ್ದು ಬಲೆಯಲ್ಲ, ಭರ್ಜಿಯಲ್ಲ, ದಡದಲ್ಲಿ ನಿಂತ ಭೀಮನ ಹಂಗಿಸುವ ಮಾತು. ಅಂಥ ಮಾತನ್ನು ಕೇಳಿಯೂ ನೀರಿನಲ್ಲೇ ಇರುವುದು ಅವನಿಂದ ಆಗಲಿಲ್ಲ. ಗೋಡೆಗೆ ಒರಗಿದವನ "ಆಹಾ" ಮಾಡುವ ಕೆಲಸವೂ ಇದೇ.

ಕುಸ್ತಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ ಎಂದು ನನಗೆ ತೋರುತ್ತದೆ. ಬೆನ್ನು ಮಣ್ಣಿಗೆ ಹತ್ತಿತೋ, ಚಿತ್ ಆಯಿತು. ಊರಿಗೆ ಊರೇ ನೋಡಿದೆ, ವಾದಕ್ಕೆ ಎಡೆಯಿಲ್ಲ. ಜಾತ್ರೆಯ ಕಣದಲ್ಲಿ ಹಲಗಿ ಬಡಿತ ಕಿವಿಗಡಚಿಕ್ಕುತ್ತಿದ್ದರೂ ಜೋಡಿ ಹಚ್ಚುವಾಗ ಹಿರಿಯ ಪೈಲ್ವಾನರು ತೂಕ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಹಳೆಯ ಮನಸ್ತಾಪವಿದೆಯೇ ಎಂಬುದನ್ನೂ ನೋಡುತ್ತಾರೆ. ಹಾಗೆಂದು ಕುಸ್ತಿಯ ಕಣದಲ್ಲಿ ಜಗಳವೇ ಆಗುವುದಿಲ್ಲ ಎಂದಲ್ಲ. ಆದರೆ ಅಲ್ಲಿ ಹಿಡಿತ ಬಿಗಿಯಾದಷ್ಟೂ ಪೆಟ್ಟಿಗೆ ಜಾಗ ಕಡಿಮೆ. ಕರಾಟೆಯ ಪಾಯಿಂಟ್ ಫೈಟ್ ಇದಕ್ಕಿಂತ ನಾಜೂಕಿನ ವ್ಯವಹಾರ. ಹೊಡೆಯಬೇಕು, ಆದರೆ ಮುಖಕ್ಕೆ ತಾಗುವ ಹೊತ್ತಿಗೆ ಕೈಯನ್ನು ತಾನೇ ಹಿಡಿದುಕೊಳ್ಳಬೇಕು. ಹೊಡೆಸಿಕೊಂಡವನು ಮನಸ್ಸು ಮಾಡಿದರೆ "ತಗಲೇ ಇಲ್ಲ" ಎಂದು ವಾದಿಸಬಹುದು. ಪೂರ್ತಿ ಬಲ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಬ್ಬರೂ ಊಹಿಸಿ, ಊಹಿಸಿದ್ದನ್ನು ಇಬ್ಬರೂ ಒಪ್ಪಬೇಕು. ಅಷ್ಟು ನಂಬಿಕೆಯ ಮೇಲೆ ನಿಂತ ಆಟ ಅದು. ಒಬ್ಬ ಒಪ್ಪದಿದ್ದರೆ ಇನ್ನೊಬ್ಬನಿಗೆ ಉಳಿಯುವ ದಾರಿ, ಅಲ್ಲಗಳೆಯಲಾಗದಂತೆ ಹೊಡೆಯುವುದು.

ಓಕಿನಾವಾದಿಂದ 1922ರಲ್ಲಿ ಟೋಕಿಯೋಗೆ ಬಂದು ಕರಾಟೆಯನ್ನು ಜಪಾನಿಗೆ ಪರಿಚಯಿಸಿದ ಗಿಚಿನ್ ಫುನಾಕೋಶಿಗೆ ಈ ಬಗೆಯ ಮುಕ್ತ ಪಂದ್ಯವೇ ಇಷ್ಟವಿರಲಿಲ್ಲ. ಕಟಾ ಸಾಕು ಎನ್ನುತ್ತಿದ್ದ ಮುದುಕರು ಅವರು. ಶಿಷ್ಯರು ಕೇಳಲಿಲ್ಲ. ಗುರು ತೀರಿಕೊಂಡ 1957ರಲ್ಲಿಯೇ ಜಪಾನ್ ಕರಾಟೆ ಸಂಘದ ಮೊದಲ ಅಖಿಲ ಜಪಾನ್ ಪಂದ್ಯಾವಳಿ ನಡೆಯಿತು. ಫುನಾಕೋಶಿ ತಮ್ಮ ಆತ್ಮಕಥೆಯಲ್ಲಿ ಯೌವನದ ಒಂದು ಘಟನೆ ಹೇಳಿದ್ದಾರೆ. ರಾತ್ರಿ ದಾರಿಯಲ್ಲಿ ಇಬ್ಬರು ಅಡ್ಡಗಟ್ಟಿದರು. ಇವರ ಕೈಯಲ್ಲಿದ್ದದ್ದು ದೇವರಿಗೆ ಇಡಬೇಕೆಂದು ತರುತ್ತಿದ್ದ ಸಿಹಿ ತಿಂಡಿ. ಅದನ್ನೇ ಅವರ ಕೈಗಿತ್ತು ಮನೆಗೆ ಬಂದರು. ಬೇಕಾಗಿದ್ದರೆ ಇಬ್ಬರನ್ನೂ ಉರುಳಿಸಬಹುದಿತ್ತು. ಕೆಲ ದಿನದ ಮೇಲೆ ತಮ್ಮ ಗುರುಗಳಾದ ಇತೋಸು ಮತ್ತು ಅಜಾತೋ ಅವರಿಗೆ ಈ ಸಂಗತಿ ತಿಳಿಸಿದಾಗ ಇಬ್ಬರೂ ಮೆಚ್ಚಿದರಂತೆ. ಈ ಮೆಚ್ಚುಗೆ ಸಣ್ಣದಲ್ಲ. ಶಿಷ್ಯ ಹೊಡೆಯದೆ ಬಂದದ್ದನ್ನು ಗುರು ಹೊಗಳುವುದು ಎಷ್ಟು ಕ್ಲಾಸುಗಳಲ್ಲಿ ನಡೆಯುತ್ತದೆ? ನಮ್ಮಲ್ಲಿ ಹೊಗಳಿಕೆ ಪದಕಕ್ಕೆ ಮೀಸಲು. ಪದಕ ಹಿಡಿದ ಫೋಟೋ ಪೇಪರಿಗೆ ಬರುತ್ತದೆ, ಮುಂದಿನ ವರ್ಷದ ಅಡ್ಮಿಷನ್ನಿಗೂ ನೆರವಾಗುತ್ತದೆ.

ಆ ಮುದುಕರು ಇನ್ನೂ ಬದುಕಿದ್ದು 2021ರ ಆಗಸ್ಟ್ 7ರ ಸಂಜೆ ಟೋಕಿಯೋದ ಬುಡೋಕಾನ್‌ನಲ್ಲಿ ಕೂತಿದ್ದರೆ ಏನನ್ನುತ್ತಿದ್ದರೋ. ಒಲಿಂಪಿಕ್ಸಿನಲ್ಲಿ ಕರಾಟೆಗೆ ಅದೇ ಮೊದಲ ಪ್ರವೇಶ. 75 ಕೆಜಿಗೂ ಮೇಲಿನ ಪುರುಷರ ಫೈನಲ್. ಸೌದಿಯ ತಾರಿಗ್ ಹಮೇದಿ 4-1ರಿಂದ ಮುಂದಿದ್ದ. ಚಿನ್ನ ಕೈಗೆ ಬಂದಂತೆಯೇ. ಆಗ ಅವನ ಒಂದು ಕಿಕ್ ಇರಾನಿನ ಸಜ್ಜಾದ್ ಗಂಜಜಾದೆಯ ಕತ್ತಿನ ಬಳಿ ಬಿತ್ತು, ಗಂಜಜಾದೆ ಎಚ್ಚರ ತಪ್ಪಿ ಕುಸಿದ. ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ತೀರ್ಪುಗಾರರು ಚರ್ಚಿಸಿ, ಹೊಡೆತದ ಮೇಲೆ ಹಿಡಿತವಿರಲಿಲ್ಲವೆಂದು ಹಮೇದಿಯನ್ನು ಅನರ್ಹಗೊಳಿಸಿದರು. ನೆಲಕ್ಕೆ ಬಿದ್ದವನಿಗೆ ಚಿನ್ನ, ನಿಂತವನಿಗೆ ಬೆಳ್ಳಿ. ಜಗತ್ತೆಲ್ಲ ಇದನ್ನು ಗೇಲಿ ಮಾಡಿತು. ಇದೆಂಥ ಕಾಳಗ, ಕೆಡವಿದವನೇ ಸೋತನಲ್ಲ ಎಂದು.

ಹಮೇದಿಗೆ ಸಿಟ್ಟು ಬಂದಿತ್ತೆಂದು ನಾನು ಹೇಳುತ್ತಿಲ್ಲ. ಗೆಲ್ಲುತ್ತಿದ್ದವನಿಗೆ ಸಿಟ್ಟೇಕೆ? ನನಗೆ ಆ ತೀರ್ಪಿನಲ್ಲಿ ಹಿಡಿಸಿದ್ದು ಬೇರೆಯೇ. ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಬಿದ್ದ ಪೆಟ್ಟನ್ನು, ಬಿದ್ದವನ ಸ್ಥಿತಿಯನ್ನು ನೋಡಿ ಲೆಕ್ಕ ಹಾಕಿದರು. "ಅಷ್ಟ ಹೊಡದೇನ್ರಿ" ಎಂಬುದು ಅಲ್ಲಿ ನಡೆಯದ ವಾದ. ಹೊಡೆಯುವವನಿಗೆ ತನ್ನ ಬಲದ ಅಂದಾಜೇ ಇರುವುದಿಲ್ಲ ಎಂದಮೇಲೆ, ಅಳತೆಗೋಲನ್ನು ಅವನ ಕೈಗೆ ಕೊಡಬಾರದು.

ಹಾಗಾದರೆ ಊರ ಕ್ಲಾಸಿನ ಮಾಸ್ಟರ್ ಏನು ಮಾಡಬೇಕು? ಎಷ್ಟೋ ಕಡೆ ಇಬ್ಬರಿಗೂ ಐವತ್ತು ಬಸ್ಕಿ ಹೊಡೆಸಿ ಮುಗಿಸುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ "ಹಂಗಾರ ಇವತ್ತ ಬಗೆಹರೀಲಿ" ಎಂದು ಮತ್ತೆ ಎದುರು ನಿಲ್ಲಿಸುತ್ತಾರೆ. ಇದು ಕಲಿಸುವುದಲ್ಲ, ಕೋಳಿ ಅಂಕ. ಇನ್ನೊಂದು ಕಷ್ಟವೆಂದರೆ ಕೆಲವೊಮ್ಮೆ ಕಂದು ಬೆಲ್ಟಿನ ಆ ಹುಡುಗನ ಜಾಗದಲ್ಲಿ ಮಾಸ್ಟರೇ ಇರುತ್ತಾರೆ. ತಾವು ಕಲಿಸಿದ ಹುಡುಗನ ಕೈಯೇ ತಮ್ಮ ದವಡೆಗೆ ತಾಗಿದೆ, ಹುಡುಗರೆಲ್ಲ ನೋಡಿದ್ದಾರೆ. ಆ ಗಳಿಗೆಯಲ್ಲಿ "ಭೇಷ್, ಛಲೋ ಬಿತ್ತು ನೋಡು" ಅನ್ನುವುದಕ್ಕೆ ಬ್ಲಾಕ್ ಬೆಲ್ಟ್ ಗಳಿಸುವುದಕ್ಕಿಂತ ಹೆಚ್ಚಿನ ತಾಲೀಮು ಬೇಕು. ಆದರೆ ಮಾಸ್ಟರ್ ಒಮ್ಮೆ ಹಾಗೆ ಅಂದರೆ ಇಡೀ ಕ್ಲಾಸಿಗೆ ಅದು ಆಡುಮಾತಾಗುತ್ತದೆ. ಪೆಟ್ಟು ತಿಂದವನು ಮೊದಲು ಕೈಯೆತ್ತಿ "ಬಿತ್ತು" ಅನ್ನುವ ರೂಢಿ ಇದ್ದಲ್ಲಿ, ಹೊಡೆದವನಿಗೆ ಇನ್ನಷ್ಟು ಜೋರಾಗಿ ಹೊಡೆದು ಸಾಬೀತುಮಾಡುವ ಕೆಲಸವೇ ಉಳಿಯುವುದಿಲ್ಲ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಪಂದ್ಯದ ದಿನ ಅಂಚಿನಲ್ಲಿ ಮೊಬೈಲ್ ಹಿಡಿದು ನಿಂತು "ಬಿಡಬ್ಯಾಡ, ಹೊಡಿ" ಎಂದು ಕೂಗುವ ಅಪ್ಪನಿಗೆ ತಾನು ಮಗನನ್ನು ಹುರಿದುಂಬಿಸುತ್ತಿದ್ದೇನೆ ಎನಿಸುತ್ತದೆ. ಮಗನಿಗೆ ಅದು ಕೇಳಿಸುವುದು ಬೇರೆ ರೀತಿ. ಈಗ ಸೋತರೆ ವಿಡಿಯೋದಲ್ಲಿ ಸೋಲುತ್ತೇನೆ, ಸಂಜೆಯೊಳಗೆ ಸೋದರಮಾವಂದಿರ ಗ್ರೂಪಿನಲ್ಲೆಲ್ಲ ಸೋಲುತ್ತೇನೆ ಎಂದು. ಹಸ್ತಿನಾವತಿಯ ರಂಗದಲ್ಲಿ ಕೂಗಿದವರ ಹೆಸರನ್ನು ಯಾವ ಕವಿಯೂ ಬರೆದಿಟ್ಟಿಲ್ಲ. ಅವರೆಲ್ಲ ಆರಾಮಾಗಿ ಮನೆಗೆ ಹೋಗಿ ಉಂಡು ಮಲಗಿರಬೇಕು.

ಇಬ್ಬರು ಹುಡುಗರನ್ನು ಬಿಡಿಸಿದ ಮೇಲೆ ಮರುದಿನದ ಪ್ರಶ್ನೆಯೊಂದು ಉಳಿಯುತ್ತದೆ. ಅವರನ್ನು ಮತ್ತೆ ಜೋಡಿ ಮಾಡಬೇಕೇ, ಬೇಡವೇ? ಬೇಡ, ಸುಮ್ಮನೆ ತಲೆನೋವು ಎಂದು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವವರೇ ಹೆಚ್ಚು. ದ್ರೋಣನೂ ಹಾಗೇ ಬಿಟ್ಟ. ಅಶ್ವತ್ಥಾಮ ಅಡ್ಡ ನಿಂತ ಆ ಇಬ್ಬರನ್ನು ಮತ್ತೆ ಕೂಡಿಸಿ ಅಭ್ಯಾಸ ಮಾಡಿಸಿದನೆಂಬ ಮಾತು ಆ ಪ್ರಸಂಗದ ಮುಂದೆಲ್ಲೂ ಬರುವುದಿಲ್ಲ. ಮರುದಿನ ಸಂಜೆಯೇ ಅವರನ್ನು ಎದುರುಬದುರು ನಿಲ್ಲಿಸಬೇಕು ಅನ್ನುವವನು ನಾನು. ಆದರೆ ಫೈಟಿಗಲ್ಲ. ಅರ್ಧ ವೇಗದಲ್ಲಿ, ಒಬ್ಬ ಹೊಡೆಯುವುದು, ಇನ್ನೊಬ್ಬ ತಡೆಯುವುದು, ಎಣಿಸುವುದು ಮಾತ್ರ ಮಾಸ್ಟರ್. ತಗಲಿದರೆ ತಗಲಿಸಿಕೊಂಡವನೇ ಹೇಳಬೇಕು. ಉಳಿದ ಹುಡುಗರನ್ನು ಆ ಹೊತ್ತಿಗೆ ಗೋಡೆಯತ್ತ ಮುಖ ಮಾಡಿಸಿ ಕಟಾಕ್ಕೆ ಹಚ್ಚಬೇಕು. ಇದಕ್ಕೆ ಹತ್ತು ನಿಮಿಷ ಹಿಡಿದೀತು. ಜಿಲ್ಲಾ ಪಂದ್ಯ ಹತ್ತಿರ ಬಂದಾಗ ಯಾವ ಮಾಸ್ಟರಿಗೂ ಆ ಹತ್ತು ನಿಮಿಷ ಸಿಗುವುದಿಲ್ಲ.